ಮಲ್ಟಿಟೂಲ್: ಕುಕ್ಕರ್ ಹಿಡಿಯಿಂದ ಬಸ್ಸಿನ ಕಿಟಕಿವರೆಗೆ ಏನು ಮಾಡಬಲ್ಲದು, ಏನು ಮಾಡಲಾರದು?

ಬೆಳಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲೇ ಕುಕ್ಕರಿನ ಹಿಡಿ ಸಡಿಲವಾಗುತ್ತದೆ. ಕನ್ನಡಕದ ಸಣ್ಣ ಸ್ಕ್ರೂ ಉದುರುತ್ತದೆ. ಊರಿಗೆ ಹೊರಟು ನಿಂತಾಗ ಸೂಟ್‌ಕೇಸಿನ ಜಿಪ್ ಕಚ್ಚಿಕೊಂಡು ಕೂರುತ್ತದೆ. ಮನೆಯಲ್ಲಿ ಸ್ಕ್ರೂಡ್ರೈವರ್ ಇಲ್ಲವೆಂದಲ್ಲ, ಎಲ್ಲಿಟ್ಟಿದ್ದೇವೆ ಎಂಬುದು ಮಾತ್ರ ನೆನಪಿಲ್ಲ. ಕೊನೆಗೆ ಅಡುಗೆಮನೆಯ ಚಾಕುವೇ ಸ್ಕ್ರೂಡ್ರೈವರ್ ಆಗುತ್ತದೆ. ಚಾಕುವಿನ ತುದಿ ಮುರಿಯುತ್ತದೆ, ಇಲ್ಲವೇ ಕೈ ಕುಯ್ಯುತ್ತದೆ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಂತೆಲ್ಲ ಮನೆ ಬದಲಿಸುವ ಮುಂಬೈ, ಪುಣೆ, ಹೈದರಾಬಾದಿನ ಬಾಡಿಗೆದಾರರು ದೊಡ್ಡ ಟೂಲ್‌ಬಾಕ್ಸ್ ಹೊತ್ತು ತಿರುಗುವುದು ಕಷ್ಟ. ಅಂಥವರಿಗೆ ಅಂಗೈಯಗಲದ ಮಲ್ಟಿಟೂಲ್ ಒಳ್ಳೆಯ ಆಯ್ಕೆ. ಇಕ್ಕಳ, ಸ್ಕ್ರೂಡ್ರೈವರ್, ಕತ್ತರಿ, ಚಾಕು, ಅರ, ಡಬ್ಬಿ ತೆರೆಯುವ ಕೊಕ್ಕೆ, ಎಲ್ಲವೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುತ್ತವೆ.

ಇದರ ಹಿಂದೆ ಸ್ವಾರಸ್ಯದ ಇತಿಹಾಸವೂ ಇದೆ. ಸ್ವಿಟ್ಜರ್ಲೆಂಡಿನ ಸೈನಿಕರಿಗೆ ಬಂದೂಕು ಬಿಚ್ಚಲು, ಡಬ್ಬಿಯ ಆಹಾರ ತೆರೆಯಲು ಒಂದೇ ಸಾಧನ ಬೇಕಿತ್ತು. ಅಲ್ಲಿನ ಇಬಾಖ್ ಊರಿನ ಚಾಕು ತಯಾರಕ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ‘ಆಫೀಸರ್ಸ್ ನೈಫ್’ ಮುಂದೆ ಸ್ವಿಸ್ ಆರ್ಮಿ ನೈಫ್ ಎಂದು ಹೆಸರಾಯಿತು. ಆದರೆ ಅದರಲ್ಲಿ ಇಕ್ಕಳ ಇರಲಿಲ್ಲ. 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದ ಅಮೆರಿಕದ ಟಿಮ್ ಲೆದರ್‌ಮನ್‌ಗೆ ದಾರಿಯುದ್ದಕ್ಕೂ ಕಾಡಿದ್ದು ಅದೇ ಕೊರತೆ. ಕಾರು, ಹೋಟೆಲ್ ನಲ್ಲಿ ಎಲ್ಲಕ್ಕೂ ಇಕ್ಕಳವೇ ಬೇಕು, ಜೇಬಿನಲ್ಲಿದ್ದುದು ಚಾಕು ಮಾತ್ರ! ಊರಿಗೆ ಮರಳಿ ವರ್ಷಗಟ್ಟಲೆ ತಲೆಕೆಡಿಸಿಕೊಂಡು, 1983ರಲ್ಲಿ ಇಕ್ಕಳವನ್ನೇ ಮುಖ್ಯ ಮಾಡಿದ ಸಾಧನವನ್ನು ಮಾರುಕಟ್ಟೆಗೆ ತಂದರು. ಈಗಿನ ಬಹುತೇಕ ಮಲ್ಟಿಟೂಲ್‌ಗಳು ಅದೇ ಮಾದರಿಯವು.

ನಿಜಕ್ಕೂ ಬಳಕೆಗೆ ಬರುವುದು ಯಾವುದು?

ಆನ್‌ಲೈನ್ ಅಂಗಡಿಗಳಲ್ಲಿ ‘21 ಇನ್ 1’, ‘30 ಇನ್ 1’ ಎಂಬ ಜಾಹೀರಾತು ನೋಡಿ ಮರುಳಾಗಬೇಡಿ. ಮನೆಯಲ್ಲಿ ದಿನಬಳಕೆಗೆ ಬರುವುದು ಮೂರೇ ಮೂರು: ಇಕ್ಕಳ, ಸ್ಕ್ರೂಡ್ರೈವರ್, ಕತ್ತರಿ. ಮೀನಿನ ಪೊರೆ ತೆಗೆಯುವ ಹಲ್ಲು, ಬಾಟಲಿಯ ಬಿರಡೆ ಕೀಳುವ ಸುರುಳಿಗಳೆಲ್ಲ ಲೆಕ್ಕ ತುಂಬಿಸಲು ಇರುವವು. ಕೊಳ್ಳುವಾಗ ಇಕ್ಕಳದ ಎರಡು ತುದಿಗಳು ಸರಿಯಾಗಿ ಕೂಡುತ್ತವೆಯೇ ನೋಡಿ. ಚಾಕು ಬಿಚ್ಚಿದ ಮೇಲೆ ಲಾಕ್ ಆಗುತ್ತದೆಯೇ ಎಂಬುದೂ ಮುಖ್ಯ. ಲಾಕ್ ಇಲ್ಲದಿದ್ದರೆ ಒತ್ತಿ ಕೊಯ್ಯುವಾಗ ಅದು ನಿಮ್ಮ ಬೆರಳ ಮೇಲೆಯೇ ಮಡಚಿಕೊಳ್ಳಬಹುದು.

ಫ್ಲಾಟ್‌ಗಳಲ್ಲಿ ಆಗಾಗ ಕೇಳಿಬರುವ ಒಂದು ಪ್ರಸಂಗವೆಂದರೆ ಮಗು ಬಾತ್‌ರೂಮಿನೊಳಗೆ ಹೋಗಿ ಬಾಗಿಲು ಲಾಕ್ ಮಾಡಿಕೊಳ್ಳುವುದು. ದುಂಡು ಹಿಡಿಯ ಅನೇಕ ಲಾಕ್‌ಗಳ ಹೊರಭಾಗದಲ್ಲಿ ಸಣ್ಣ ಸೀಳು ಅಥವಾ ರಂಧ್ರ ಇರುತ್ತದೆ. ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಒಳಗೆ ಚಿಲಕ ಮಾತ್ರ ಇರುವ ಬಾಗಿಲಿಗೆ ಈ ಉಪಾಯ ನಡೆಯದು. ನಿಮ್ಮ ಮನೆಯದು ಯಾವ ಬಗೆ ಎಂದು ಇವತ್ತೇ ಒಮ್ಮೆ ನೋಡಿಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಚಿಲಕವನ್ನು ಅವರ ಕೈಗೆಟುಕದ ಎತ್ತರಕ್ಕೆ ಹಾಕಿಸುವುದು ಇನ್ನೂ ಸುಲಭ.

ಎರಡು ಕೆಲಸಕ್ಕೆ ಮಾತ್ರ ಮಲ್ಟಿಟೂಲ್ ಹಿಡಿಯಲೇಬಾರದು. ಒಂದು, ಕರೆಂಟ್. ಎಲೆಕ್ಟ್ರಿಷಿಯನ್ ಬಳಸುವ ಇಕ್ಕಳಕ್ಕೆ ದಪ್ಪ ಇನ್ಸುಲೇಷನ್ ಇರುತ್ತದೆ, ಮಲ್ಟಿಟೂಲ್‌ನದು ಬರೀ ಲೋಹದ ಹಿಡಿ. ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್‌ನಲ್ಲಿ ಪರೀಕ್ಷಿಸದೆ ಸ್ವಿಚ್‌ಬೋರ್ಡ್ ಬಿಚ್ಚಿದರೆ ಶಾಕ್ ನೇರ ಕೈಗೇ. ಇನ್ನೊಂದು, ಗ್ಯಾಸ್. ಸಿಲಿಂಡರಿನಿಂದ ವಾಸನೆ ಬಂದರೆ ರೆಗ್ಯುಲೇಟರನ್ನು ಇಕ್ಕಳದಲ್ಲಿ ತಿರುಚಲು ಹೋಗಬೇಡಿ. ಕೈಯಿಂದಲೇ ಅದನ್ನು ಆಫ್ ಮಾಡಿ, ಬಾಗಿಲು-ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ದೇಶವ್ಯಾಪಿ ಸಂಖ್ಯೆ.

ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವವರು ಇದನ್ನು ಓದಲೇಬೇಕು

ಹೊರರಾಜ್ಯದ ಕನ್ನಡಿಗರಿಗೂ ರಾತ್ರಿ ಬಸ್ಸಿಗೂ ಬಿಡದ ನಂಟು. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ ಆಗಿನ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. ಅದರ ಬೆನ್ನಿಗೇ ನವೆಂಬರಿನಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದ ಬಸ್ ಹಾವೇರಿ ಬಳಿ ಸುಟ್ಟು ಏಳು ಮಂದಿ ಬಲಿಯಾದರು. 2025ರ ಅಕ್ಟೋಬರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸಿಗೆ ಕರ್ನೂಲು ಬಳಿ ಬೆಂಕಿ ಬಿದ್ದಾಗ ನಿದ್ದೆಯಲ್ಲಿದ್ದ ಹಲವರು ಸಜೀವ ದಹನವಾದರು. ಬದುಕಿದವರಲ್ಲಿ ಕಿಟಕಿ ಗಾಜು ಒಡೆದು ಹೊರಗೆ ಹಾರಿದವರೇ ಹೆಚ್ಚು.

ಎಸಿ ಬಸ್ಸಿನ ಕಿಟಕಿಯನ್ನು ಸರಿಸಿ ತೆರೆಯಲಾಗದು. ಗಾಜು ಒಡೆಯಲು ಸುತ್ತಿಗೆ ಇರಬೇಕೆಂಬ ನಿಯಮವಿದ್ದರೂ ಎಷ್ಟೋ ಬಸ್ಸುಗಳಲ್ಲಿ ಅದರ ಗೂಡು ಖಾಲಿ. ಕೇಳಿದರೆ ‘ಯಾರೋ ಕದ್ದೊಯ್ದರು ಸಾರ್’ ಎಂಬ ಉತ್ತರ. ಹಾಗಾದರೆ ಬ್ಯಾಗಿನಲ್ಲಿರುವ ಮಲ್ಟಿಟೂಲ್ ಸಾಕೇ? ಸಾಕಾಗದು. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಹಾಕುವುದು ಟೆಂಪರ್ಡ್ ಗಾಜು. ಅಗಲವಾದ ಹೊಡೆತವನ್ನು ಅದು ತಡೆದುಕೊಳ್ಳುತ್ತದೆ, ಚೂಪಾದ ಗಟ್ಟಿ ಮೊನೆ ಒಂದೇ ಬಿಂದುವಿಗೆ ತಾಗಿದರೆ ಮಾತ್ರ ಇಡೀ ಗಾಜು ಸಣ್ಣ ಹರಳುಗಳಾಗಿ ಉದುರುತ್ತದೆ. ಚಾಕುವಿನ ಅಲಗಿನಿಂದ ಅದು ಆಗುವುದಿಲ್ಲ, ಜಾರಿದ ಅಲಗು ನಿಮ್ಮನ್ನೇ ಗಾಯಗೊಳಿಸುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಮೊನೆಯ ಗ್ಲಾಸ್ ಬ್ರೇಕರ್ ಇರುವ ಮಲ್ಟಿಟೂಲ್ ಕೆಲವೇ ಕೆಲವು. ಅದಕ್ಕಿಂತ ಬೆಲ್ಟ್ ಕತ್ತರಿಸುವ ಅಲಗೂ ಇರುವ ಪುಟ್ಟ ಸುತ್ತಿಗೆಯನ್ನೇ ಬೇರೆಯಾಗಿ ಕೊಳ್ಳುವುದು ವಾಸಿ. ಹೊಡೆಯಬೇಕಾದದ್ದು ಗಾಜಿನ ನಡುವೆಯಲ್ಲ, ಮೂಲೆಗೆ. ಮುಂದಿನ ದೊಡ್ಡ ಗಾಜು ಲ್ಯಾಮಿನೇಟೆಡ್, ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ.

ಬಸ್ ಹತ್ತಿದ ಕೂಡಲೇ ತುರ್ತು ದ್ವಾರ ಎಲ್ಲಿದೆ, ಅದಕ್ಕೆ ಅಡ್ಡವಾಗಿ ಪಾರ್ಸೆಲ್ ಒಟ್ಟಿದ್ದಾರೆಯೇ, ಸುತ್ತಿಗೆ ಇದೆಯೇ ನೋಡಿ. ಇಲ್ಲದಿದ್ದರೆ ಡ್ರೈವರನ್ನು ಕೇಳಲು ಸಂಕೋಚ ಬೇಡ. ಸುತ್ತಿಗೆಯನ್ನು ಡಿಕ್ಕಿಗೆ ಹೋಗುವ ಸೂಟ್‌ಕೇಸಿನಲ್ಲಿಟ್ಟರೆ ಪ್ರಯೋಜನವಿಲ್ಲ, ಅದು ತಲೆದೆಸೆಯಲ್ಲಿರಬೇಕು.

ಕಾರಿಗೂ ಇದೇ ಮಾತು. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಮಾತ್ರ! ದಕ್ಷಿಣ ಮುಂಬೈಯಿಂದ ನಿಶ್ಚಿಂತೆಯಾಗಿ ಮನೆಗೆ ಹೊರಟವರು ಉಪನಗರಗಳ ನೀರಿನಲ್ಲಿ ಸಿಕ್ಕಿಬಿದ್ದರು, ಕಾರಿನೊಳಗೇ ಉಸಿರುಗಟ್ಟಿ ಸತ್ತವರೂ ಇದ್ದರು. ಕಾರು ನೀರಿಗೆ ಸಿಕ್ಕರೆ ಮೊದಲು ಸೀಟ್ ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಕೆಲಸ ಮಾಡುತ್ತಿರುವಾಗಲೇ ಕಿಟಕಿ ಇಳಿಸಿ ಹೊರಬನ್ನಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಕಿಟಕಿಯೂ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆ ಒಡೆಯಿರಿ. ಈಚಿನ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್. ಗಾಜಿನ ಮೂಲೆಯಲ್ಲಿರುವ ಮುದ್ರೆ ಓದಿದರೆ ಯಾವುದೆಂದು ತಿಳಿಯುತ್ತದೆ.

ಚೆನ್ನೈ ಪ್ರವಾಹದ ಪಾಠ

2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಅಲ್ಲಿನವರಿಗೆ ಬೇಕಾದದ್ದೇ ಬೇರೆ. ದಿನಗಟ್ಟಲೆ ಕರೆಂಟ್ ಇಲ್ಲ, ಮೊಬೈಲ್ ನೆಟ್‌ವರ್ಕ್ ಇಲ್ಲ, ಎಟಿಎಂ ಇಲ್ಲ. ಕೈಯಲ್ಲಿ ನಗದು, ಕುಡಿಯುವ ನೀರು, ಟಾರ್ಚ್ ಇದ್ದವರು ಹೇಗೋ ನಿಭಾಯಿಸಿದರು. ಯುಪಿಐ ನೆಚ್ಚಿಕೊಂಡು ಪರ್ಸನ್ನೇ ಮರೆತಿರುವ ಈ ಕಾಲದಲ್ಲಿ ನೂರು, ಇನ್ನೂರರ ಒಂದಿಷ್ಟು ನೋಟು ಮನೆಯಲ್ಲಿರಲಿ. ಮಲ್ಟಿಟೂಲ್ ಜೊತೆಗೆ ಟಾರ್ಚ್, ಚಾರ್ಜ್ ಆದ ಪವರ್‌ಬ್ಯಾಂಕ್, ಒಂದು ವಾರದ ಮಾತ್ರೆ, ಓಆರ್‌ಎಸ್, ಸೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಮತ್ತು ವಿಮೆಯ ಪ್ರತಿಗಳನ್ನು ಒಂದೇ ಚೀಲದಲ್ಲಿಡಿ. ಮನೆಯವರ ನಂಬರ್‌ಗಳನ್ನು ಕಾಗದದಲ್ಲಿ ಬರೆದಿಡಿ. ಫೋನ್ ಸತ್ತ ಮೇಲೆ ಹೆಂಡತಿಯ ನಂಬರೂ ನೆನಪಿಗೆ ಬಾರದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಯಾವ ಊರಲ್ಲಿದ್ದರೂ ತುರ್ತು ಕರೆಗೆ 112. ಮುಂಬೈಯವರಿಗೆ ಮಹಾನಗರ ಪಾಲಿಕೆಯ ವಿಪತ್ತು ನಿರ್ವಹಣಾ ಸಂಖ್ಯೆ 1916. ಮಳೆ, ಪ್ರವಾಹದ ಮುನ್ನೆಚ್ಚರಿಕೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಇದೆ.

ಜೇಬಿನಲ್ಲಿಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ?

ಗೃಹಬಳಕೆಯ ಸಣ್ಣ ಮಡಚುವ ಸಾಧನಕ್ಕೆ ಪರವಾನಗಿ ಬೇಕಿಲ್ಲ. ಆದರೆ ದೆಹಲಿಯವರು ಸ್ವಲ್ಪ ಎಚ್ಚರವಾಗಿರಿ. ಶಸ್ತ್ರಾಸ್ತ್ರ ಕಾಯ್ದೆಯಡಿ ಅಲ್ಲಿ 1980ರಲ್ಲಿ ಹೊರಡಿಸಿದ ಅಧಿಸೂಚನೆ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಸ್ಪ್ರಿಂಗ್ ಚಾಕುಗಳಿಗೆ ಅನ್ವಯಿಸುತ್ತದೆ. ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಕೇಸು ಬೀಳಬಹುದು. ಆದ್ದರಿಂದ ಸ್ಪ್ರಿಂಗ್ ಚಾಕು ಇರುವ ಮಾದರಿಯ ಗೊಡವೆಯೇ ಬೇಡ. ಮೆಟ್ರೋ, ಮಾಲ್, ಕೋರ್ಟ್‌ಗಳ ತಪಾಸಣೆಯಲ್ಲಿ ಚಾಕು ಕಂಡರೆ ಭದ್ರತಾ ಸಿಬ್ಬಂದಿ ತಡೆಯಬಹುದು, ವಾದಕ್ಕಿಳಿದು ಫಲವಿಲ್ಲ. ದಿನವೂ ಮೆಟ್ರೋ ಹತ್ತುವವರು ಚಾಕು ಇಲ್ಲದ ಮಲ್ಟಿಟೂಲ್ ಕೊಳ್ಳುವುದು ಲೇಸು. ವಿಮಾನದಲ್ಲಿ ಕ್ಯಾಬಿನ್ ಬ್ಯಾಗಿನಲ್ಲಿ ಕೊಂಡೊಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ತಪಾಸಣೆಯ ಹೊತ್ತಿಗೆ ನೆನಪಾದರೆ ಅದನ್ನು ಅಲ್ಲೇ ಬಿಟ್ಟು ಹೋಗುವುದೊಂದೇ ದಾರಿ.