ಬೆಟ್ಟದ ದಾರಿ ಮತ್ತು ರಕ್ತದ ಸಕ್ಕರೆ

ತುಮಕೂರು ಸೀಮೆಯ ಭಕ್ತರಿಗೆ ಬೆಟ್ಟ ಹತ್ತುವುದು ಹೊಸದೇನಲ್ಲ. ದೇವರಾಯನದುರ್ಗ, ಸಿದ್ಧರಬೆಟ್ಟ, ಹುಲಿಯೂರುದುರ್ಗ, ನೆರೆಯ ಶಿವಗಂಗೆ ಇವೆಲ್ಲ ಬಾಲ್ಯದಿಂದ ಹತ್ತಿಳಿದ ಬೆಟ್ಟಗಳೇ. ಆದರೆ ಇಪ್ಪತ್ತರ ಪ್ರಾಯದಲ್ಲಿ ಹತ್ತಿದ ಬೆಟ್ಟವನ್ನು ಅರವತ್ತು ದಾಟಿದ ಮೇಲೆ, ಅದರಲ್ಲೂ ಮಧುಮೇಹಕ್ಕೆ ಮಾತ್ರೆ ಸೇವಿಸುತ್ತಿರುವವರು ಹತ್ತುವಾಗ ಲೆಕ್ಕವೇ ಬೇರೆ. ಮೆಟ್ಟಿಲು, ಅಂಗಡಿ, ಜನಸಂಚಾರ ಇರುವಲ್ಲಿ ಆಯಾಸವಾದರೆ ಕೈಹಿಡಿಯುವವರು ಸಿಗುತ್ತಾರೆ. ದಾರಿಯೇ ಸ್ಪಷ್ಟವಿಲ್ಲದ ಕಾಡುಬೆಟ್ಟದಲ್ಲಿ ಜೊತೆಗಾರನೊಬ್ಬನೇ ಗತಿ.

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಅಂಥ ಬೆಟ್ಟ. ಎತ್ತರ ಸುಮಾರು 1,130 ಮೀಟರ್. ಮಾಗಡಿ ಕೆಂಪೇಗೌಡರ ವಂಶದವರ ಕೋಟೆ. 1791ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ ಇದನ್ನು ಹಿಡಿಯಿತು. ತುದಿಯಲ್ಲಿ ಶಂಕರೇಶ್ವರನ ಗುಡಿಯಿದೆ. ಒಂದಾದ ಮೇಲೊಂದು ಹಾಳುಬಿದ್ದ ಬಾಗಿಲುಗಳು ದೂರದಿಂದ ದಾರಿ ತೋರುವಂತೆ ಕಂಡರೂ, ಅವುಗಳ ನಡುವೆ ಕುರುಚಲು ಕಾಡು ಬೆಳೆದಿದೆ. ಕುರಿಮೇಕೆಗಳ ಜಾಡು ಯಾವುದು, ಮನುಷ್ಯರ ದಾರಿ ಯಾವುದು ಎಂಬುದು ಬರಿಗಣ್ಣಿಗೆ ತಿಳಿಯದು.

ಕಳೆದ ಮಾಘಮಾಸದಲ್ಲಿ ಗುಬ್ಬಿಯ ನಮ್ಮ ಮಿತ್ರರೊಡನೆ ಈ ದುರ್ಗಕ್ಕೆ ಹೋಗಿದ್ದೆವು. ಅವರು ನಿವೃತ್ತ ಶಿಕ್ಷಕರು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯುಂಟು. ಇಷ್ಟಲಿಂಗ ಪೂಜೆಯಾಗದೆ ಅನ್ನ ಮುಟ್ಟದ ನೇಮದವರು. ಅಂದು ನಸುಕಿನಲ್ಲೇ ಪೂಜೆ ಮುಗಿಸಿ, ಮಾತ್ರೆ ನುಂಗಿ, ಬಸ್ಸಿನ ಆತುರದಲ್ಲಿ ಎರಡು ಇಡ್ಲಿಯಷ್ಟೇ ತಿಂದು ಹೊರಟಿದ್ದರೆಂಬುದು ನಮಗೆ ತಿಳಿದದ್ದು ಬೆಟ್ಟದ ಮೇಲೆ.

ಮೂರನೆಯ ಬಾಗಿಲು ದಾಟಿದ ಮೇಲೆ ದಾರಿ ಎರಡಾಯಿತು. ಬಂಡೆಯ ಮೇಲೆ ಯಾರೋ ಬಳಿದ ಬಾಣದ ಗುರುತು ಅರ್ಧ ಅಳಿಸಿತ್ತು. ಎಡಗಡೆಯ ಜಾಡು ಪೊದೆಗಳೊಳಗೆ ನುಗ್ಗುತ್ತಿತ್ತು. ಹಿಂದಿರುಗಿ ಗುರುತು ನೋಡೋಣವೆಂದೆವು. ನಲವತ್ತು ವರ್ಷದ ಸ್ನೇಹದಲ್ಲಿ ಒಮ್ಮೆಯೂ ದನಿ ಏರಿಸದ ಆ ಮಿತ್ರರು, “ನಿಮಗೆ ಹೆದರಿಕೆಯಾದರೆ ಇಲ್ಲೇ ಕೂತಿರಿ ಸ್ವಾಮಿ, ನಾನೊಬ್ಬನೇ ಹೋಗ್ತೀನಿ!” ಎಂದು ಸಿಡುಕಿದರು. ಹಣೆಯಲ್ಲಿ ಬೆವರು ಧಾರೆಯಾಗಿತ್ತು. ಬಿಸಿಲಿನ್ನೂ ಏರಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋದ ಬೆರಳುಗಳು ನಡುಗುತ್ತಿದ್ದವು.

ರಕ್ತದ ಸಕ್ಕರೆ ಇಳಿದಾಗ ದೇಹ ಹೀಗೆಯೇ ಸೂಚನೆ ಕೊಡುತ್ತದೆ: ಬೆವರು, ನಡುಕ, ಎದೆಬಡಿತ, ಹಸಿವು, ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಸಿಡುಕು, ಗಲಿಬಿಲಿ, ತೊದಲು ಮಾತು. ಬೆಟ್ಟದಲ್ಲಿ ಬೆವರು, ಏದುಸಿರು ಎಲ್ಲರಿಗೂ ಸಹಜವಾದ್ದರಿಂದ ಇದು ಆಯಾಸದ ವೇಷದಲ್ಲಿ ಮರೆಯಾಗಿಬಿಡುತ್ತದೆ. ರೋಗಿಗೆ ತನ್ನ ಬುದ್ಧಿ ಮಂಕಾದದ್ದು ತಿಳಿಯುವುದಿಲ್ಲ. ಸ್ವಭಾವದ ವ್ಯತ್ಯಾಸವನ್ನು ಗುರುತಿಸಬಲ್ಲವನು ಜೊತೆಗಾರನೇ. ವಾದಕ್ಕಿಳಿಯದೆ ಅವರನ್ನು ಬಂಡೆಯ ನೆರಳಿನಲ್ಲಿ ಕೂರಿಸಿದೆವು. ಗ್ಲೂಕೋಮೀಟರ್ ಅವರ ಚೀಲದಲ್ಲೇ ಇತ್ತು. ಬೆಲ್ಲ ಮುಟ್ಟುವ ಮೊದಲೇ ಬೆರಳು ತೊಳೆಸಿ ನೋಡಿದೆವು, ಏಕೆಂದರೆ ಬೆರಳಿಗಂಟಿದ ಸಿಹಿಯೂ ಯಂತ್ರಕ್ಕೆ ಸುಳ್ಳು ಹೇಳಿಸುತ್ತದೆ. 58 ಬಂತು. 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪಚಾರ ಬೇಕು. ಯಂತ್ರವಿಲ್ಲದಿದ್ದರೂ ಸಂಶಯ ಬಂದೊಡನೆ ಸಿಹಿ ಕೊಡುವುದೇ ಸರಿ.

ಸುಮಾರು 15 ಗ್ರಾಂ ಸಕ್ಕರೆ, ಎಂದರೆ ಮೂರು ಟೀ ಚಮಚೆಯಷ್ಟು, ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷ ಕಾಯಬೇಕು. ಏರದಿದ್ದರೆ ಮತ್ತೆ ಅಷ್ಟೇ. ನಮ್ಮಲ್ಲಿದ್ದದ್ದು ಬೆಲ್ಲ, ಅದನ್ನೇ ಪುಡಿಮಾಡಿ ಕದಡಿದೆವು. ಚಾಕೊಲೇಟಿನಲ್ಲಿ ಕೊಬ್ಬಿರುವುದರಿಂದ ಸಿಹಿ ರಕ್ತಕ್ಕೆ ಸೇರುವುದು ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿದೀತು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಕಾಲು ಗಂಟೆ ಕಳೆದಾಗ 84 ಇತ್ತು. ಮಿತ್ರರು ಚಪಾತಿ, ಬಾಳೆಹಣ್ಣು ತಿಂದು, “ನಾನೇನಾದರೂ ಒರಟಾಗಿ ಮಾತಾಡಿದೆನೆ?” ಎಂದರು. ಇಲ್ಲವೆಂದೆವು.

ಅಲ್ಲಿಂದ ಮುಂದೆ ಹೋಗಲಿಲ್ಲ. ಶಂಕರೇಶ್ವರನ ಗುಡಿ ಮೇಲೆ ಕಾಣುತ್ತಿತ್ತು. ಮಿತ್ರರು ಇದ್ದಲ್ಲಿಂದಲೇ ಕೈಮುಗಿದರು. ಮೇಕೆ ಮೇಯಿಸುತ್ತಿದ್ದ ಹುಡುಗನೊಬ್ಬ ಸರಿದಾರಿ ತೋರಿಸಿ, ಎಡಗಡೆಯ ಜಾಡು ಬರೀ ಮೇಕೆ ಹೋಗುವುದೆಂದ. ಇಳಿಯುವಾಗ ಮಂಡಿಗೆ ಬೀಳುವ ಪೆಟ್ಟು ಹತ್ತುವಾಗಿನದಕ್ಕಿಂತ ಹೆಚ್ಚು. ಊರುಗೋಲು ಇದ್ದದ್ದು ಒಳ್ಳೆಯದಾಯಿತು.

ನಡಿಗೆಯಲ್ಲಿ ದುಡಿಯುವ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಮೊದಲಾದ ಮಾತ್ರೆ ನುಂಗುವವರಿಗೂ ಅರೆಹೊಟ್ಟೆಯ ಏರುದಾರಿ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಭಯ ಕಡಿಮೆ. ಬೆಟ್ಟ ಹತ್ತುವ ದಿನ, ಉಪವಾಸದ ದಿನ ಎಷ್ಟು ಔಷಧಿ ಎಂಬುದನ್ನು ವೈದ್ಯರನ್ನೇ ಮುಂಚಿತವಾಗಿ ಕೇಳಬೇಕು, ತಾವಾಗಿಯೇ ಬಿಡಬಾರದು. ಹರಕೆಯೆಂದು ಬರಿಗಾಲಿನಲ್ಲಿ ಹತ್ತುವವರು ನಮ್ಮಲ್ಲಿ ಬಹಳ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು. ಅಂಥವರು ಪಾದರಕ್ಷೆ ಬಿಡದಿರುವುದೇ ಮೇಲು, ಗುಡಿಯ ಬಾಗಿಲಲ್ಲಿ ಬಿಟ್ಟರೆ ಸಾಕು.

ಇನ್ನೊಂದು ಮಾತು ಹಲವರಿಗೆ ತಿಳಿಯದು. ದೀರ್ಘ ಶ್ರಮದ ನಂತರ, ಆ ರಾತ್ರಿ ಕೂಡ ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ಮಿತ್ರರನ್ನು ಗುಬ್ಬಿಗೆ ಒಬ್ಬರನ್ನೇ ಕಳುಹಿಸದೆ ತುಮಕೂರಿನ ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಮಲಗುವ ಮುನ್ನ ನೋಡಿದಾಗ 96 ಇತ್ತು. ಒಂದು ಲೋಟ ಹಾಲು, ಎರಡು ಬಿಸ್ಕತ್ತು ತೆಗೆದುಕೊಂಡು ಮಲಗಿದರು.