ಎತ್ತಿಗೆ ಹಲ್ಲು, ಮೋಟಾರಿಗೆ ಚಾಸಿ

ಚಿಮ್ಮಡದ ಸುತ್ತಿನ ಕಬ್ಬಿನ ಸೀಮೆಯ ರೈತ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಪರೀಕ್ಷಿಸುತ್ತಾನೆ. ಅದೇ ರೈತ ಹಳೆಯ ಮೋಟಾರು ಕೊಳ್ಳಲು ಹೋದಾಗ ಹೊಳೆಯುವ ಬಣ್ಣಕ್ಕೆ, ಹೊಸ ಸೀಟು ಕವರಿಗೆ ಮರುಳಾಗಿ ಸಂಚಕಾರ ಕೊಟ್ಟು ಬರುವುದುಂಟು. ಮನೆಮಂದಿಯೆಲ್ಲ ಕೂತ ಮೇಲೂ ಹಿಂದೆ ನಾಲ್ಕು ಚೀಲ ಹೇರಬಹುದಾದ ಉದ್ದ ಬೆನ್ನಿನ ಕಾರು, ಅಂದರೆ ಸ್ಟೇಷನ್ ವ್ಯಾಗನ್, ಕಡಿಮೆ ಬೆಲೆಗೆ ಸಿಕ್ಕರಂತೂ ಆಸೆ ತಡೆಯುವುದು ಕಷ್ಟ.

ಹೆಸರಿನಲ್ಲೇ ಅದರ ಕೆಲಸವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರೈಲು ನಿಲ್ದಾಣಗಳಿಂದ ಪ್ರಯಾಣಿಕರನ್ನೂ ಅವರ ಗಂಟುಮೂಟೆಗಳನ್ನೂ ಒಯ್ಯುತ್ತಿದ್ದ ಮರದ ಮೈಯ ಮೋಟಾರುಗಳಿಗೆ ಈ ಹೆಸರು ಬಂತು. ಬ್ರಿಟನ್ನಿನಲ್ಲಿ ಇದನ್ನೇ ಎಸ್ಟೇಟ್ ಕಾರು ಎಂದರು. ನಮ್ಮಲ್ಲಿ ಟಾಟಾ ಕಂಪನಿ 1992ರಲ್ಲಿ ತಂದ ಇಂಥ ಗಾಡಿಗೆ ಎಸ್ಟೇಟ್ ಎಂದೇ ಹೆಸರಿಟ್ಟಿತು. ಅಂಬಾಸಿಡರಿಗೂ ಉದ್ದ ಬೆನ್ನಿನ ಒಂದು ಅವತಾರವಿತ್ತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಟಾಟಾ ಎಸ್ಟೇಟ್ ಅದಕ್ಕೂ ಮೊದಲೇ ನಿಂತಿತ್ತು. ಆದ್ದರಿಂದ ಈಗ ಇವು ಸಿಗುವುದಾದರೆ ಹಳೆಯವೇ ಸಿಗಬೇಕು.

ಎಸ್ಟೇಟಿನ ಡೀಸೆಲ್ ಎಂಜಿನ್ನು ಟಾಟಾ ಮೊಬೈಲ್, ಸಿಯೆರಾ, ಸುಮೋ ಗಾಡಿಗಳ ಬಳಗದ್ದು. ಹಳೆಯ ಮಿಸ್ತ್ರಿಗಳಿಗೆ ಅದರ ನಾಡಿ ಗೊತ್ತು. ಆದರೆ ಹಿಂಬಾಗಿಲು, ಹಿಂದಿನ ಪಕ್ಕದ ಗಾಜು ಈ ಗಾಡಿಗೇ ಮೀಸಲು. ಒಡೆದರೆ ಗುಜರಿ ಅಂಗಡಿಗಳನ್ನು ಅಲೆಯಬೇಕು. ಹಾಗಾಗಿ ಎಂಜಿನ್ನಿಗಿಂತ ಮೊದಲು ಮೈಯನ್ನು ನೋಡಬೇಕು.

ಗಾಡಿಯ ಕೆಳಗೆ ಹೊಕ್ಕು ನೋಡಲು ನಾಚಬೇಡಿ. ನಮ್ಮ ಎರೆಮಣ್ಣು ಒಮ್ಮೆ ಅಂಟಿತೆಂದರೆ ಬಿಡುವುದಿಲ್ಲ. ಒಳಮೂಲೆಗಳಲ್ಲಿ ತೇವ ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ಟಾಟಾ ಗಾಡಿಗೆ ಮೈಯ ಕೆಳಗೆ ಬೇರೆಯೇ ಚಾಸಿ ಇದೆ. ಅಂಬಾಸಿಡರಿಗೆ ಮೈಯೇ ಚಾಸಿ, ಆದ್ದರಿಂದ ಅದರ ನೆಲದ ತಗಡು ತುಕ್ಕು ಹಿಡಿದರೆ ಬೆನ್ನೆಲುಬಿಗೇ ರೋಗ ತಗುಲಿದಂತೆ. ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತವಿರಲಿ. ಬಾಗಿಲಿನ ಕೆಳಅಂಚಿಗೆ, ಚಕ್ರದ ಮೇಲಿನ ಕಮಾನಿಗೆ ಅದನ್ನು ಹಿಡಿಯಿರಿ. ಅಂಟದ ಕಡೆ ಬಣ್ಣದಡಿಯಲ್ಲಿರುವುದು ತಗಡಲ್ಲ, ಪುಟ್ಟಿ.

ಎಂಜಿನ್ನನ್ನು ತಣ್ಣಗಿದ್ದಾಗಲೇ ಪರೀಕ್ಷಿಸಬೇಕು. ನೀವು ಹೋಗುವಷ್ಟರಲ್ಲಿ ಅದನ್ನು ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ. ಚಾಲೂ ಆದ ಮೇಲೆ ಹೊಗೆಯ ಬಣ್ಣ ಗಮನಿಸಿ. ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಪಿಸ್ಟನ್ ರಿಂಗು ಸವೆದಿರಬಹುದು. ಕಪ್ಪು ಹೊಗೆಗೆ ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಕೆಟ್ಟ ನಾಜಲ್ ಕಾರಣವಾಗಿರಬಹುದು. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಸಹಜ. ಎಂಜಿನ್ನು ಕಾದ ಮೇಲೂ ಅದು ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆ ಕಂಡರೆ, ನೀರು ಒಳಸೇರುತ್ತಿರುವ ಅನುಮಾನ ಬರಬೇಕು. ಹೆಡ್ ಗ್ಯಾಸ್ಕೆಟ್ ಸೋತಾಗ ಆಗುವುದು ಹೀಗೆ.

ಕೊಂಡ ಮೇಲೆ ರಿಪೇರಿಗೂ ಒಂದು ಕ್ರಮ ಬೇಕು. ಮೊದಲು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ಗುಣದ್ದು. ಹಳೆಯದನ್ನು ಪೂರ್ತಿ ತೆಗೆಸಿ. ನಂತರ ಟೈರು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಆಮೇಲೆ ರೇಡಿಯೇಟರು ಮತ್ತು ಅದರ ಪೈಪುಗಳು, ಅನಂತರ ಎಂಜಿನ್ನು. ಬಣ್ಣ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಹಲವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಬಣ್ಣ ಬಳಿಸಿದ ಮೇಲೆ ಬ್ರೇಕಿಗೆ ದುಡ್ಡು ಉಳಿಯುವುದಿಲ್ಲ.

ಇಷ್ಟೆಲ್ಲ ನೋಡಿದವರೂ ಎಡವುವುದು ಕಾಗದಪತ್ರದಲ್ಲಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಗಾಡಿಯನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. ಸಾಂಗಲಿ, ಕೊಲ್ಹಾಪುರದ ಕಡೆಯ ಗಾಡಿಯಾದರೆ ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿಯ ತೆರಿಗೆಯನ್ನೂ ಲೆಕ್ಕ ಹಾಕಬೇಕು. ಚಾಸಿ ಮತ್ತು ಎಂಜಿನ್ ನಂಬರುಗಳು ಆರ್‌ಸಿಯಲ್ಲಿದ್ದಂತೆಯೇ ಇವೆಯೇ ಎಂದು ಸ್ವತಃ ಓದಿ ನೋಡಿ. ಹಳೆಯ ಸಾಲದ ನಮೂದು ಉಳಿದಿದ್ದರೆ ಅದನ್ನು ತೆಗೆಸದೆ ಹಣ ಕೊಡಬೇಡಿ.

ಮಾರುವವನಿಗೂ ಎಚ್ಚರ ಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕಾಗಿಯೇ 29 ಮತ್ತು 30ನೇ ನಮೂನೆಗಳಿವೆ. ಹೆಸರು ಬದಲಾಗದೆ ಕೈಯಿಂದ ಕೈಗೆ ಹಲವು ಸಲ ಮಾರಾಟವಾದ ಒಂದು ಕಾರು 2009ರಲ್ಲಿ ಅಪಘಾತಕ್ಕೀಡಾಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಕಾರನ್ನು ಎಂದೋ ಮಾರಿ ಮರೆತಿದ್ದವನ ತಲೆಗೇ ಅದು ಬಂತು.

ಎತ್ತು ಮಾರಿದವನು ಹಗ್ಗವನ್ನು ಕೊಂಡವನ ಕೈಗಿತ್ತರೆ ವ್ಯವಹಾರ ಮುಗಿಯಿತು. ಮೋಟಾರಿನ ಹಗ್ಗ ಕೀಲಿಕೈಯಲ್ಲ, ಆರ್‌ಸಿ. ಅದರಲ್ಲಿ ಹೆಸರು ಬದಲಾಗುವ ತನಕ ಗಾಡಿ ಯಾರ ಅಂಗಳದಲ್ಲೇ ನಿಂತಿರಲಿ, ಕಾನೂನಿನ ಕಣ್ಣಿಗೆ ಅದು ಇನ್ನೂ ಮಾರಿದವನ ಗೂಟದಲ್ಲೇ ಇರುತ್ತದೆ.