ಪರರ ಹಳಿಯ ಮೇಲೆ ನಮ್ಮ ಎಂಜಿನ್ನು: ಅಮೆರಿಕದ ರೈಲು ಕಂಪೆನಿಗಳ ಮುಯ್ಯಿ ಲೆಕ್ಕ

ಅಮೆರಿಕದ ಪಶ್ಚಿಮದ ಬಯಲಿನಲ್ಲಿ ಹಳದಿ ಎಂಜಿನ್ನಿನ ಹಿಂದೆ ನೀಲಿ ಎಂಜಿನ್ನೊಂದು ಸೇರಿಕೊಂಡು ಗೋಧಿಯ ಗಾಡಿಯನ್ನು ಎಳೆಯುವುದುಂಟು. ಹಳದಿಯದು ಯೂನಿಯನ್ ಪೆಸಿಫಿಕ್ ಕಂಪೆನಿಯದು, ಹಳಿಯೂ ಅದರದೇ. ನೀಲಿಯದು ಸಿ.ಎಸ್.ಎಕ್ಸ್. ಎಂಬ ಪೂರ್ವದ ಕಂಪೆನಿಯದು. ಆ ಸೀಮೆಯಲ್ಲಿ ಅದಕ್ಕೆ ಒಂದು ಗಜ ಹಳಿಯೂ ಇಲ್ಲ. ಹಾಗಾದರೆ ಅದಕ್ಕೆ ಅಲ್ಲೇನು ಕೆಲಸ?

ನಮ್ಮಲ್ಲಿ ಹುಬ್ಬಳ್ಳಿ ಶೆಡ್ಡಿನ ಎಂಜಿನ್ನು ಬೇರೆ ವಲಯಕ್ಕೆ ಹೋದರೂ ಯಜಮಾನರು ಒಬ್ಬರೇ. ಅಮೆರಿಕದಲ್ಲಿ ಸರಕು ರೈಲಿನ ಹಳಿ, ಎಂಜಿನ್ನು, ಸಿಬ್ಬಂದಿ ಎಲ್ಲವೂ ಆಯಾ ಖಾಸಗಿ ಕಂಪೆನಿಯ ಸ್ವಂತ. ಕ್ಯಾಲಿಫೋರ್ನಿಯಾದಿಂದ ಪೂರ್ವ ಕರಾವಳಿಗೆ ಹೋಗುವ ಸರಕು ಷಿಕಾಗೊ, ಸೇಂಟ್ ಲೂಯಿ, ಮೆಂಫಿಸ್, ನ್ಯೂ ಆರ್ಲಿಯನ್ಸ್ ಮುಂತಾದ ಕಡೆ ಒಂದು ಕಂಪೆನಿಯಿಂದ ಮತ್ತೊಂದಕ್ಕೆ ಕೈ ಬದಲಾಗುವುದು ರೂಢಿ. (2025ರ ಜುಲೈಯಲ್ಲಿ ಯೂನಿಯನ್ ಪೆಸಿಫಿಕ್ ಹಾಗೂ ನಾರ್ಫೋಕ್ ಸದರ್ನ್ ಒಂದಾಗುವ ಒಪ್ಪಂದವನ್ನು ಸಾರಿದಾಗ, ಈ ಕೈ ಬದಲಾವಣೆ ತಪ್ಪುತ್ತದೆ ಎಂಬುದನ್ನೇ ದೊಡ್ಡ ಲಾಭವೆಂದು ಹೇಳಿಕೊಂಡವು.)

ಎಲ್ಲೆಯಲ್ಲಿ ಎಂಜಿನ್ನನ್ನೂ ಬದಲಿಸುವುದಾದರೆ ಹಳೆಯದನ್ನು ಬಿಡಿಸಬೇಕು, ಹೊಸದನ್ನು ತಂದು ಜೋಡಿಸಬೇಕು, ಬ್ರೇಕಿನ ಗಾಳಿಯನ್ನು ಮತ್ತೆ ಪರೀಕ್ಷಿಸಬೇಕು. ಅಷ್ಟು ಹೊತ್ತು ಮೈಲಿಯುದ್ದದ ಗಾಡಿ ಯಾರ್ಡಿನಲ್ಲಿ ನಿಂತಿರುತ್ತದೆ. ಅದಕ್ಕೆ ಬದಲು ಎಂಜಿನ್ನು ಹಾಗೆಯೇ ಮುಂದಕ್ಕೆ ಹೋಗಲಿ, ಚಾಲಕರು ಮಾತ್ರ ಇಳಿಯಲಿ, ಆ ದಾರಿಯನ್ನು ಬಲ್ಲ ಹೊಸಬರು ಹತ್ತಲಿ ಎಂಬುದು ಅವರು ಕಂಡುಕೊಂಡ ಉಪಾಯ. ಎಂಜಿನ್ನುಗಳ ನಡುವಿನ 27 ಕಡ್ಡಿಗಳ ವಿದ್ಯುತ್ ಜೋಡಣೆ ಎಲ್ಲ ಕಂಪೆನಿಗಳಲ್ಲೂ ಒಂದೇ ಮಾದರಿಯದಾದ್ದರಿಂದ, ಯಾರ ಎಂಜಿನ್ನನ್ನು ಯಾರದಕ್ಕೆ ಸೇರಿಸಿದರೂ ಮುಂದಿನ ಕ್ಯಾಬಿನಿಂದಲೇ ಎಲ್ಲವನ್ನೂ ನಡೆಸಬಹುದು.

ಇನ್ನು ಬಾಡಿಗೆಯ ಮಾತು. ವ್ಯಾಗನ್ನುಗಳಿಗೆ ಗಂಟೆ, ಮೈಲಿಗಳ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಯಿದೆ. ಎಂಜಿನ್ನಿಗೆ ಸಾಮಾನ್ಯವಾಗಿ ಹಣವಲ್ಲ, ಮುಯ್ಯಿ. ನಾವು ಮುಯ್ಯಾಳು ಕಳಿಸಿದಂತೆಯೇ! ಅದರ ಅಳತೆ ಅಶ್ವಶಕ್ತಿ-ಗಂಟೆ. 4,400 ಅಶ್ವಶಕ್ತಿಯ ಎಂಜಿನ್ನು ಪರರ ಹಳಿಯ ಮೇಲೆ 10 ಗಂಟೆ ಇದ್ದರೆ 44,000 ಅಶ್ವಶಕ್ತಿ-ಗಂಟೆಯ ಸಾಲವಾಯಿತು. ಸಾಲಗಾರ ಕಂಪೆನಿ 3,000 ಅಶ್ವಶಕ್ತಿಯ ಎರಡು ಹಳೆಯ ಎಂಜಿನ್ನುಗಳನ್ನು ಸುಮಾರು 7 ಗಂಟೆ 20 ನಿಮಿಷ ಕಳಿಸಿದರೆ ಸಾಲ ತೀರಿತು. ಎಂಜಿನ್ನು ಎಳೆಯಲಿ, ಸುಮ್ಮನೆ ನಿಂತಿರಲಿ, ಗಡಿಯಾರ ಓಡುತ್ತಲೇ ಇರುತ್ತದೆ. ಆದುದರಿಂದ ಪರರ ಎಂಜಿನ್ನನ್ನು ಯಾರ್ಡಿನ ಮೂಲೆಯಲ್ಲಿ ಮರೆತವರಿಗೇ ನಷ್ಟ.

ನೀಲಿ ಎಂಜಿನ್ನಿನ ಗುಟ್ಟೂ ಇಲ್ಲೇ ಇದೆ. ಅದು ಎಳೆಯುತ್ತಿರುವ ಗೋಧಿ ಪೂರ್ವಕ್ಕೆ ಹೋಗಬೇಕೆಂದೇನಿಲ್ಲ. ಎಂದೋ ಪಡೆದ ಶಕ್ತಿಯ ಸಾಲವನ್ನು ಅದು ದುಡಿದು ತೀರಿಸುತ್ತಿರಬಹುದು.

ಲೆಕ್ಕ ಸರಿಯಾದರೂ ನ್ಯಾಯ ಸರಿಯಾಗುತ್ತದೆಯೆ ಎಂಬುದು ಬೇರೆ ಪ್ರಶ್ನೆ. ಅಶ್ವಶಕ್ತಿಯೊಂದೇ ಎಳೆಯುವ ಬಲವಲ್ಲ. ಹೊಸ ಎಂಜಿನ್ನಿನ ಚಕ್ರ ಏರಿನಲ್ಲಿ ಹಿಡಿಯುವಂತೆ ಹಳೆಯದರ ಚಕ್ರ ಹಿಡಿಯದು. ಅದಕ್ಕಿಂತ ದೊಡ್ಡದು ಕಾಲದ ಪ್ರಶ್ನೆ. ಸುಗ್ಗಿಯಲ್ಲಿ ಪಡೆದ ಗಂಟೆಯನ್ನು ಕೆಲಸವಿಲ್ಲದ ದಿನಗಳಲ್ಲಿ ಹಿಂದಿರುಗಿಸಿದರೆ ಪುಸ್ತಕದಲ್ಲಿ ಎರಡೂ ಸಮ. ಕಾಫಿ ಹಣ್ಣಾಗಿ ಉದುರುವಾಗ ಬಂದ ಆಳಿಗೂ ಮಳೆಗಾಲದ ಬಿಡುವಿನಲ್ಲಿ ಬಂದ ಆಳಿಗೂ ಇರುವ ಅಂತರವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಥ ಸಾಲವನ್ನು ಯಾವಾಗ ತೀರಿಸಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳುವ ಕಂಪೆನಿಯೇ ಜಾಣ ಕಂಪೆನಿಯೆಂದು ನನ್ನ ಅಭಿಪ್ರಾಯ.

ಪರರ ಎಂಜಿನ್ನು ಎಲ್ಲೆಡೆ ಮುಂದಾಳಾಗಲೂ ಬಾರದು. ಪೂರ್ವದ ಕೆಲವು ಮಾರ್ಗಗಳಲ್ಲಿ ಸಿಗ್ನಲ್ಲು ಚಾಲಕನ ಕ್ಯಾಬಿನೊಳಗೇ ಕಾಣಬೇಕು. ಆ ಸಲಕರಣೆ ಇಲ್ಲದ ಎಂಜಿನ್ನು ಅಲ್ಲಿ ಹಿಂದೆ ನಿಂತೇ ಎಳೆಯಬೇಕು, ಮುಂದಕ್ಕೆ ಸ್ಥಳೀಯ ಎಂಜಿನ್ನೊಂದು ಬರಬೇಕು. ಅಪಾಯ ಕಂಡರೆ ಗಾಡಿಯನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆಯನ್ನು ಮುಖ್ಯ ಮಾರ್ಗಗಳಿಗೆ ಕಡ್ಡಾಯ ಮಾಡಿದ 2008ರ ಕಾಯಿದೆ, ಒಂದು ಕಂಪೆನಿಯ ಸಲಕರಣೆ ಇನ್ನೊಂದರ ಹಳಿಯಲ್ಲೂ ನಡೆಯಬೇಕೆಂದು ವಿಧಿಸಿತು. ಆ ಕೆಲಸ ಮುಗಿದದ್ದು 2020ರ ಕೊನೆಗೆ.